ಕಾರಿನ ಕೆಳಗೆ ಬಣ್ಣದ ನೀರೇ?

ಬೆಳಗ್ಗೆ ರಂಗೋಲಿ ಹಾಕಲು ಹೋದಾಗ ಕಾರಿನಡಿ ಹಸಿರೋ ಕೆಂಪೋ ಬಣ್ಣದ ಜಾರುವ ನೀರು ಕಂಡಿತೇ? ಏಸಿಯಿಂದ ಸೋರುವ ನೀರಿಗೆ ಬಣ್ಣವಿಲ್ಲ. ಇದು ಎಂಜಿನ್ನನ್ನು ತಂಪಾಗಿಡುವ ಕೂಲಂಟ್. ಮೊದಲು ಹಳೇ ಬಟ್ಟೆಯಲ್ಲಿ ಒರೆಸಿ, ಜಾಗ ತೊಳೆಯಿರಿ. ರುಚಿಯಲ್ಲಿ ಸಿಹಿಯಾದ ಇದರಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಎಂಬ ವಿಷವಿರುತ್ತದೆ, ಮೂತ್ರಪಿಂಡಕ್ಕೇ ಕುತ್ತು. ಮಗು ನೆಕ್ಕಿರಬಹುದೆಂಬ ಅನುಮಾನ ಬಂದರೂ ಸಾಕು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನಾಯಿ, ಬೆಕ್ಕುಗಳಿಗೂ ಇದು ಅಪಾಯ.

ಆವಿ ಇಳಿಯದೆ ಕುಕ್ಕರಿನ ಮುಚ್ಚಳ ತೆಗೀತೀರಾ? ಬಿಸಿ ರೇಡಿಯೇಟರಿನದೂ ಹಾಗೇ, ಮುಟ್ಟಲೇಬೇಡಿ. ಸಂಜೆ ನಿಲ್ಲಿಸಿದ ಕಾರನ್ನು ಬೆಳಗ್ಗೆ, ಕೀಲಿ ತೆಗೆದಿಟ್ಟು ನೋಡುವುದೇ ಕ್ಷೇಮ.

ಸೋರುವ ಜಾಗ ತಿಳಿಯದಿದ್ದರೆ, ಮಕ್ಕಳು ಹೋಗದ ಕಡೆ ಕಾರು ನಿಲ್ಲಿಸಿ, ರಾತ್ರಿ ಅಡಿಯಲ್ಲಿ ರಟ್ಟು ಹಾಸಿ. ಕಲೆ ಬಿದ್ದ ಕಡೆಯ ರಬ್ಬರ್ ಪೈಪುಗಳ ತುದಿ ನೋಡಿ. ಕ್ಲಾಂಪ್ ಸಡಿಲವಾಗಿದ್ದರೆ ಸ್ಕ್ರೂಡ್ರೈವರಿನಿಂದ ಹದವಾಗಿ ಬಿಗಿ ಮಾಡಿ. ಪೈಪು ಬಿರಿದಿದ್ದರೆ ಬದಲಾಯಿಸಲೇಬೇಕು. ಆಮೇಲೆ ಕಾರಿನ ಕೈಪಿಡಿ ಹೇಳಿದ ಕೂಲಂಟನ್ನೇ ಡಬ್ಬಿಯ ಮೇಲಿನ ಗೆರೆ ದಾಟದಂತೆ ತುಂಬಿ.

ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿದೆಯೇ? ಹಾಗಿದ್ದರೆ ಕಾರು ಸ್ಟಾರ್ಟ್ ಮಾಡಬೇಡಿ, ಮೆಕ್ಯಾನಿಕ್‌ಗೆ ಹೇಳಿಕಳಿಸಿ. ಉಳಿದ ಕೂಲಂಟನ್ನು ಶರಬತ್ತಿನ ಬಾಟಲಿಗೆ ಮಾತ್ರ ಎಂದೂ ಸುರಿದಿಡಬೇಡಿ!