ಕಾರಿನ ಸಂಗೀತಕ್ಕೆ ತಂತಿಯ ಆಧಾರ

ಬೆಂಗಳೂರಿನ ಜೆ.ಸಿ. ರಸ್ತೆಯ ಮೋಟಾರು ಸಾಮಗ್ರಿಯ ಅಂಗಡಿಗಳಿಗೆ ಆಂಪ್ಲಿಫೈಯರ್ ಹಾಕಿಸಲು ಬರುವ ಗಿರಾಕಿಯು ಮೊದಲು ವಿಚಾರಿಸುವುದು ಅದರ ವಾಟುಗಳನ್ನು, ಅನಂತರ ಸ್ಪೀಕರಿನ ಅಗಲವನ್ನು. ಚಾಪೆಯಡಿಯಲ್ಲಿ ಮರೆಯಾಗತಕ್ಕ ವಸ್ತುವೆಂಬ ಕಾರಣದಿಂದಲೋ ಏನೋ, ತಂತಿಯ ಮಾತನ್ನು ಎತ್ತುವವರು ವಿರಳ. ನಾಲ್ಕು ಚಾನೆಲಿನ ಯಂತ್ರವು ತನ್ನ ಪೂರ್ಣಶಕ್ತಿಯಿಂದ ನುಡಿಯುವುದಾಗಲಿ, ವಾಹನವು ಅಗ್ನಿಭಯವಿಲ್ಲದೆ ಸಂಚರಿಸುವುದಾಗಲಿ ಬಹುಮಟ್ಟಿಗೆ ಈ ಅಲಕ್ಷಿತ ತಂತಿಯನ್ನೇ ಅವಲಂಬಿಸಿದೆ.

ಮನೆಯ 230 ವೋಲ್ಟಿನಲ್ಲಿ ಅಲ್ಪಪ್ರವಾಹದಿಂದ ನೆರವೇರುವ ಕಾರ್ಯಕ್ಕೆ ಕಾರಿನ 12 ವೋಲ್ಟಿನಲ್ಲಿ ಸುಮಾರು 19 ಪಟ್ಟು ಪ್ರವಾಹ ಬೇಕು. ಪ್ರತಿ ಚಾನೆಲಿಗೆ 75 ವಾಟಿನಂತೆ ಒಟ್ಟು 300 ವಾಟು ನೀಡುವ ‘ಎಬಿ’ ವರ್ಗದ ಆಂಪ್ಲಿಫೈಯರು, ಪಡೆದುದರಲ್ಲಿ ಅರ್ಧದಷ್ಟನ್ನು ಶಾಖವಾಗಿ ಕಳೆಯುವುದರಿಂದ, ಪೂರ್ಣ ಭಾರದಲ್ಲಿ 40 ಆಂಪಿಯರಿಗೂ ಮಿಕ್ಕು ಸೆಳೆಯುತ್ತದೆ. ಬ್ಯಾಟರಿಯಿಂದ ಡಿಕ್ಕಿಯವರೆಗಿನ 5 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಎಳೆದರೆ, 40 ಆಂಪಿಯರಿನಲ್ಲಿ 1.4 ವೋಲ್ಟಿನಷ್ಟು ದಾರಿಯಲ್ಲೇ ನಷ್ಟವಾಗಿ ತಂತಿ ಬಿಸಿಯೇರುತ್ತದೆ; 21 ಚದರ ಮಿಲಿಮೀಟರಿನ, ಅಂದರೆ 4 ಗೇಜಿನ ತಂತಿಯಲ್ಲಿ ಈ ನಷ್ಟ 0.16 ವೋಲ್ಟು ಮಾತ್ರ. ತಾಮ್ರದ ಲೇಪವುಳ್ಳ ಅಲ್ಯೂಮಿನಿಯಂ ತಂತಿಯು ಅಗ್ಗವಾದರೂ ವಾಹಕತ್ವದಲ್ಲಿ ಹೀನ.

ಧನತಂತಿಗೆ ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಫ್ಯೂಸ್ ಇರಲೇಬೇಕು. ಎಂಜಿನ್ ಕೋಣೆಯ ತಗಡನ್ನು ದಾಟುವ ರಂಧ್ರದಲ್ಲಿ ರಬ್ಬರಿನ ಬಳೆಯಿಲ್ಲದೆ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಗುಲಿದರೆ, ಬ್ಯಾಟರಿಯು ಕ್ಷಣಮಾತ್ರದಲ್ಲಿ ನೂರಾರು ಆಂಪಿಯರನ್ನು ಹರಿಸಬಲ್ಲುದು. ಆ ಫ್ಯೂಸು ಕಾಯುವುದು ತಂತಿಯನ್ನು. ಆದಕಾರಣ ಅದರ ಅಳತೆಯು ತಂತಿಯ ಸಾಮರ್ಥ್ಯವನ್ನು ಮೀರಕೂಡದು.

ಅರ್ತಿನ ತಂತಿಯೂ ಅಷ್ಟೇ ದಪ್ಪನಾಗಿ, ಸಾಧ್ಯವಾದಷ್ಟು ಗಿಡ್ಡವಾಗಿರಬೇಕು. ಕುಶಲನಾದ ಕೆಲಸಗಾರನು ಡಿಕ್ಕಿಯ ತಳದ ತಗಡಿನ ಮೇಲೆ ರೂಪಾಯಿಯಗಲದಷ್ಟು ಬಣ್ಣವನ್ನು ಉಪ್ಪುಕಾಗದದಿಂದ ತಿಕ್ಕಿ, ಲೋಹವು ಬೆಳ್ಳಗೆ ಹೊಳೆದ ಬಳಿಕವೇ ಬೋಲ್ಟನ್ನು ಬಿಗಿಯುತ್ತಾನೆ. ಈ ಶ್ರಮವನ್ನು ತಪ್ಪಿಸಿದಲ್ಲಿ, ಎಂಜಿನಿನ ವೇಗದೊಡನೆ ಏರಿಳಿಯುವ ಕುಂಯ್ ಎಂಬ ಸ್ವರವು ಗಾಯನದ ಹಿಂದೆ ಸೇರಿಕೊಳ್ಳಬಹುದು. ಸಂಕೇತವನ್ನು ಒಯ್ಯುವ ಆರ್‌ಸಿಎ ಕೇಬಲನ್ನು ವಿದ್ಯುತ್ತಿನ ತಂತಿಯಿಂದ ದೂರವಾಗಿ, ಕಾರಿನ ಇನ್ನೊಂದು ಮಗ್ಗುಲಲ್ಲಿ ಒಯ್ಯುವುದು ಇದೇ ಉಪದ್ರವದ ನಿವಾರಣೆಗಾಗಿ.

ಸ್ಪೀಕರುಗಳ ತಂತಿಗೆ ಸಾಮಾನ್ಯವಾಗಿ ಮುಂದಿನ ಎಡಕ್ಕೆ ಬಿಳಿ, ಬಲಕ್ಕೆ ಬೂದು, ಹಿಂದಿನ ಎಡಕ್ಕೆ ಹಸಿರು, ಬಲಕ್ಕೆ ನೇರಳೆ ಬಣ್ಣಗಳುಂಟು. ಕಪ್ಪು ಗೆರೆಯಿದ್ದುದು ಋಣ. ಸಂದೇಹ ಬಂದಲ್ಲಿ 1.5 ವೋಲ್ಟಿನ ಸೆಲ್ಲನ್ನು ಅರೆಗಳಿಗೆ ಮುಟ್ಟಿಸಿದರೆ, ಧನಕ್ಕೆ ಧನ ಸೇರಿದಾಗ ಸ್ಪೀಕರಿನ ಶಂಕುವು ಹೊರಕ್ಕೆ ಜಿಗಿಯುತ್ತದೆ. ಎಡಬಲಗಳಲ್ಲಿ ಒಂದು ಮಾತ್ರ ತಲೆಕೆಳಗಾದರೆ ಮಂದ್ರಸ್ವರಗಳು ಪರಸ್ಪರ ಲಯವಾಗಿ, ಮೃದಂಗದ ಎಡಭಾಗವೇ ಕೇಳದಂತಾಗುತ್ತದೆ. ಹಿಂದಿನ ಎರಡು ಚಾನೆಲುಗಳನ್ನು ಬ್ರಿಜ್ ಮಾಡಿ, ಅಂದರೆ ಒಂದಾಗಿ ಕೂಡಿಸಿ, ಸಬ್‌ವೂಫರಿಗೆ ಕೊಡುವಾಗ, ಯಂತ್ರದ ಕೈಪಿಡಿಯು ಹೇಳಿದ ಓಮ್ ಮಿತಿಗಿಂತ, ಸಾಮಾನ್ಯವಾಗಿ 4 ಓಮಿಗಿಂತ, ಕೆಳಗಿಳಿಯುವುದು ಅಪಾಯ.

ಓದುಗರಲ್ಲಿ ಬಿನ್ನಹವಿಷ್ಟೆ: ಕೆಲಸಕ್ಕೆ ಮೊದಲು ಬ್ಯಾಟರಿಯ ಋಣತಂತಿಯನ್ನು ಬಿಚ್ಚಿಸಿರಿ, ಫ್ಯೂಸನ್ನು ಕಟ್ಟಕಡೆಗೆ ಹಾಕಿಸಿರಿ, ಹಣ ಕೊಡುವ ಮುನ್ನ, ಹಾಡು ಹಾಕಿ ತೋರಿಸೆಂದು ಕೇಳುವುದಕ್ಕಿಂತ ಮೊದಲು, ಬಾನೆಟ್ ತೆಗೆಸಿ ಫ್ಯೂಸನ್ನೂ ಡಿಕ್ಕಿ ತೆಗೆಸಿ ಅರ್ತಿನ ಬೋಲ್ಟನ್ನೂ ಕಣ್ಣಾರೆ ನೋಡಿರಿ.