ಭೂತಾನಿನ ದೊರೆಯ ಭೇಟಿಯೂ ನಮ್ಮ ಅಡಿಕೆಯ ಧಾರಣೆಯೂ



2022ರ ಕೊಯ್ಲಿನ ಕಾಲದಲ್ಲಿ "ಭೂತಾನಿನಿಂದ ಅಡಿಕೆ ಬರುತ್ತದಂತೆ, ಇನ್ನು ನಮ್ಮದನ್ನು ಕೇಳುವವರಿಲ್ಲ" ಎಂಬ ಸುದ್ದಿ ಸಿದ್ದಾಪುರದ ಕಡೆಯ ತೋಟಗಳಿಗೂ ಬಂದು ಮುಟ್ಟಿತು. ಶೇಂಗಾ ಬಿಟ್ಟು, ಕೊಳವೆಬಾವಿಯ ನೀರನ್ನು ನಂಬಿ ಎರಡೆಕರೆ ಅಡಿಕೆ ಹಾಕಿದ್ದ ನಮ್ಮ ನೆರೆಯವರೊಬ್ಬರು ಗಾಬರಿಯಾಗಿ, ಮರದ ಮೇಲಿನ ಫಸಲನ್ನು ಕೇಳಿದ ಬೆಲೆಗೆ ಚೇಣಿ ಕೊಟ್ಟುಬಿಟ್ಟರು. ಮುಂದಿನ ಏಪ್ರಿಲ್‌ನಲ್ಲಿ ಭೂತಾನಿನ ದೊರೆ ಜಿಗ್ಮೆ ಖೇಸರ್ ನಾಮ್‌ಗ್ಯೆಲ್ ವಾಂಗ್‌ಚುಕ್ ಅವರು ದೆಹಲಿಗೆ ಬಂದ ಚಿತ್ರ ಪತ್ರಿಕೆಯಲ್ಲಿ ಬಂತು. "ನಮ್ಮ ಅನ್ನಕ್ಕೆ ಕಲ್ಲು ಹಾಕಿದವರು ಇವರೇ ಅಲ್ಲವೇನಪ್ಪಾ?" ಎಂದು ಆ ಹಿರಿಯರು ನನ್ನನ್ನು ಕೇಳಿದರು. ಅವರಿಗೆ ಹೇಳಿದ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ.

ದೊರೆಗಳ ಆಜ್ಞೆ ದೂರದಿಂದ ಹಳ್ಳಿಗೆ ಬಂದು ಮುಟ್ಟುವುದು ನಮ್ಮ ಸೀಮೆಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅಧಿಕಾರಿಗಳೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಆಮೇಲೆ ಚಕ್ರವರ್ತಿಯ ಮಾತನ್ನು ತಿಳಿಸುತ್ತಾರೆ. ಇದೇ ಅಶೋಕನು ಬೇರೊಂದು ಶಾಸನದಲ್ಲಿ ಚೋಳ, ಪಾಂಡ್ಯ, ಕೇರಳಪುತ್ರರ ನಾಡುಗಳಲ್ಲಿಯೂ ತಾಮ್ರಪರ್ಣಿಯಲ್ಲಿಯೂ, ಅಂದರೆ ಸಿಂಹಳದಲ್ಲಿಯೂ, ಜನರಿಗೆ ಮತ್ತು ಜಾನುವಾರುಗಳಿಗೆ ಬೇಕಾದ ಔಷಧಿಯ ಗಿಡ, ಬೇರು, ಹಣ್ಣುಗಳನ್ನು ತರಿಸಿ ನೆಡಿಸಿದ್ದಾಗಿ ಹೇಳುತ್ತಾನೆ. ನೆರೆರಾಜ್ಯದ ಸ್ನೇಹದಲ್ಲಿ ಗಿಡಗಂಟೆಗಳ ವಿಷಯ ಅಂದಿನಿಂದಲೂ ಇದೆ ಎಂದಾಯಿತು.

ಇಂದಿನ ಭೇಟಿಗಳ ಕ್ರಮವೇ ಬೇರೆ. ರಾಷ್ಟ್ರದ ಮುಖ್ಯಸ್ಥರು ಮತ್ತೊಂದು ರಾಷ್ಟ್ರದ ಮುಖ್ಯಸ್ಥರ ಆಹ್ವಾನದ ಮೇಲೆ ಪೂರ್ಣ ಮರ್ಯಾದೆಯೊಡನೆ ಬಂದರೆ ಅದು ರಾಜ್ಯಭೇಟಿ. ಅದಕ್ಕಿಂತ ಕಡಿಮೆ ಸಂಭ್ರಮದ ಅಧಿಕೃತ ಭೇಟಿಯೂ, ಬರೀ ಮಾತುಕತೆಯ ಕಾರ್ಯಭೇಟಿಯೂ ಉಂಟು. ರಾಷ್ಟ್ರಪತಿ ಭವನದ ಅಂಗಳದಲ್ಲಿ ಗೌರವ ರಕ್ಷೆ, ರಾಜಘಾಟದಲ್ಲಿ ಹೂಮಾಲೆ, ರಾತ್ರಿ ಔತಣ, ಇವೆಲ್ಲ ನಮಗೆ ಚಿತ್ರದಲ್ಲಿ ಕಾಣುವಂಥವು. ಕೆಲಸ ನಡೆಯುವುದು ಹೈದರಾಬಾದ್ ಹೌಸಿನ ಒಳಗೆ; ಅದೂ ಬಹುಪಾಲು ತಿಂಗಳುಗಟ್ಟಲೆ ಮೊದಲೇ ಅಧಿಕಾರಿಗಳ ಮಟ್ಟದಲ್ಲಿ ಮುಗಿದಿರುತ್ತದೆ.

ಭೂತಾನಿಗೂ ನಮಗೂ 1949ರ ಆಗಸ್ಟ್ 8ರಂದು ಡಾರ್ಜಿಲಿಂಗಿನಲ್ಲಿ ಸ್ನೇಹದ ಒಪ್ಪಂದವಾಯಿತು. 1958ರಲ್ಲಿ ಪಂಡಿತ ನೆಹರೂ ಅವರು ಆ ದೇಶಕ್ಕೆ ಹೋಗಬೇಕಾದಾಗ ಮೋಟಾರು ರಸ್ತೆಯೇ ಇರಲಿಲ್ಲ. ನಾಥು ಲಾ ದಾಟಿ, ಟಿಬೆಟ್ಟಿನ ಚುಂಬಿ ಕಣಿವೆಯ ಮೂಲಕ ಪ್ರಾಣಿಗಳ ಬೆನ್ನೇರಿ ಪಾರೋ ಸೇರಿದರು. ಇಂದಿರಾ ಗಾಂಧಿಯವರೂ ಜೊತೆಗಿದ್ದರು. ಅದಾದ ಕೆಲವೇ ವರ್ಷಗಳಲ್ಲಿ ಭಾರತದ ಗಡಿ ರಸ್ತೆ ಸಂಸ್ಥೆಯವರು ಬಂಗಾಳದ ಅಂಚಿನ ಫುಂಟ್ಶೋಲಿಂಗ್‌ನಿಂದ ಬೆಟ್ಟ ಕಡಿದು ರಸ್ತೆ ಮಾಡಿದರು. ಫುಂಟ್ಶೋಲಿಂಗ್ ಎದುರಿಗೆ, ನಮ್ಮ ನೆಲದಲ್ಲಿರುವ ಊರು ಜೈಗಾಂವ್. ಭೂತಾನಿನ ಹಸಿ ಅಡಿಕೆ ನಮ್ಮ ದೇಶಕ್ಕೆ ಬರಲು 2022ರಲ್ಲಿ ಗೊತ್ತುಮಾಡಿದ್ದು ಈ ಜೈಗಾಂವ್ ಸುಂಕದ ಕಟ್ಟೆಯನ್ನು.

ದೆಹಲಿಯವರು ಆ ಪುಟ್ಟ ದೇಶದ ಮಾತಿಗೆ ಇಷ್ಟು ಬೆಲೆ ಕೊಡುವುದೇಕೆ? ಈಶಾನ್ಯ ರಾಜ್ಯಗಳನ್ನು ದೇಶದ ಉಳಿದ ಭಾಗಕ್ಕೆ ಸೇರಿಸುವ ಸಿಲಿಗುರಿಯ ಕಿರಿದಾದ ನೆಲ ಅದರ ಮಗ್ಗುಲಲ್ಲೇ ಇದೆ. 2017ರಲ್ಲಿ ಡೋಕ್ಲಾಮ್‌ನಲ್ಲಿ ಭಾರತ ಮತ್ತು ಚೀನಾದ ಸೈನಿಕರು ಎರಡು ತಿಂಗಳಿಗೂ ಹೆಚ್ಚು ಕಾಲ ಎದುರು ಬದುರು ನಿಂತದ್ದು ಭೂತಾನ್ ತನ್ನದೆನ್ನುವ ನೆಲದಲ್ಲಿ. 336 ಮೆಗಾವಾಟಿನ ಚುಖಾ ಯೋಜನೆ ಭಾರತದ ಹಣದಿಂದ ಆದದ್ದು, ಅಲ್ಲಿಯ ವಿದ್ಯುತ್ತನ್ನು ಕೊಳ್ಳುವವರೂ ನಾವೇ. ಇಂಥ ನೆರೆಯವರು ತಮ್ಮ ದಕ್ಷಿಣದ ತಪ್ಪಲಿನ ಸಾಮ್ತ್ಸೆ, ಸರ್ಪಾಂಗ್ ಜಿಲ್ಲೆಗಳ ರೈತರ ಅಡಿಕೆಗೆ ದಾರಿ ಬಿಡಿ ಎಂದು ಕೇಳಿದರೆ ಇಲ್ಲವೆನ್ನುವುದು ಸುಲಭವಲ್ಲ. ಆ ರೈತರೂ ನಮ್ಮಂತೆಯೇ ಸಣ್ಣ ಹಿಡುವಳಿಯವರು ಎಂಬುದನ್ನು ಮರೆಯಬಾರದು.

ಈಗ ಅಡಿಕೆಯ ಲೆಕ್ಕಕ್ಕೆ ಬರೋಣ. ಹೊರದೇಶದ ಅಡಿಕೆಗೆ ನೂರಕ್ಕೆ ನೂರು ಸುಂಕವಿದೆ. ಅದರ ಮೇಲೆ ಕನಿಷ್ಠ ಆಮದು ಬೆಲೆ ಎಂಬ ಇನ್ನೊಂದು ಬೇಲಿ. ಆ ಬೆಲೆಗಿಂತ ಅಗ್ಗವಾಗಿ ತರುವಂತಿಲ್ಲ. ಕೆ.ಜಿ.ಗೆ 251 ರೂಪಾಯಿ ಇದ್ದದ್ದನ್ನು 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಿದರು. ಭೂತಾನಿನೊಡನೆ ಮುಕ್ತ ವ್ಯಾಪಾರವಿರುವುದರಿಂದ ಅಲ್ಲಿಯ ಸರಕಿಗೆ ಸುಂಕವಿಲ್ಲ. 2022ರ ಸೆಪ್ಟೆಂಬರ್ 28ರ ಪ್ರಕಟಣೆಯಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ಬೆಲೆಯ ನಿಯಮವನ್ನೂ ಸಡಿಲಿಸಿತು. ದೊರೆಯವರು ದೆಹಲಿಗೆ ಬಂದದ್ದು ಇದಾದ ಆರು ತಿಂಗಳ ಮೇಲೆ, 2023ರ ಏಪ್ರಿಲ್ 3ರಂದು. ಆದ್ದರಿಂದ ನಮ್ಮ ಹಿರಿಯರು ಚಿತ್ರ ನೋಡಿ ಸಿಟ್ಟಾದದ್ದು ತಡವಾಗಿ ಮತ್ತು ತಪ್ಪಾದ ಕಡೆಗೆ.

17,000 ಟನ್ ಎಂದರೆ ಎದೆ ಝಲ್ಲೆನ್ನುತ್ತದೆ, ಸರಿ. ಆದರೆ ಅದು ಹಸಿಯ ತೂಕ. ಕ್ವಿಂಟಾಲ್ ಹಸಿ ಕಾಯಿ ಸುಲಿದು, ಬೇಯಿಸಿ, ಒಣಗಿಸಿದರೆ ಕೈಗೆ ಬರುವುದು ಹನ್ನೆರಡು, ಹದಿಮೂರು ಕೆ.ಜಿ. ಎಂಬುದು ನಮ್ಮ ಮನೆಯ ಹೆಂಗಸರಿಗೂ ಗೊತ್ತು. ಆ ಲೆಕ್ಕದಲ್ಲಿ ಇದು ಎರಡು ಸಾವಿರ ಟನ್ನಿನ ಆಸುಪಾಸು. ದೇಶದ ಬೆಳೆ ಹತ್ತು ಲಕ್ಷ ಟನ್ನಿಗೂ ಮೇಲೆ. ಸಾವಿರಕ್ಕೆ ಎರಡು ಪಾಲು ಸರಕು ಭೀಮಸಮುದ್ರದ ಧಾರಣೆಯನ್ನು ಮುರಿಯಲಾರದು. ಮೇಲಾಗಿ ಅಸ್ಸಾಂ, ಉತ್ತರ ಬಂಗಾಳದ ಕಡೆ ಹಸಿ ಅಡಿಕೆಯನ್ನೇ ಮೆಲ್ಲುವ ಜನ ಹೆಚ್ಚು. ಧಾರಣೆಯನ್ನು ಮುರಿಯುವುದು ಸುದ್ದಿ. ಸುದ್ದಿ ಹಬ್ಬಿದ ವಾರದಲ್ಲಿ ಅಗ್ಗಕ್ಕೆ ಕೊಳ್ಳಲು ಬರುವವರು.

ಹಾಗೆಂದು ಅಪಾಯವೇ ಇಲ್ಲವೆಂದಲ್ಲ. ಅದು ಇನ್ನೊಂದು ಬಾಗಿಲಲ್ಲಿದೆ. 1998ರ ಡಿಸೆಂಬರ್ 28ರಂದು ಸಿಂಹಳದ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ಅವರು ದೆಹಲಿಗೆ ಬಂದಿದ್ದಾಗ ಮುಕ್ತ ವ್ಯಾಪಾರದ ಒಪ್ಪಂದಕ್ಕೆ ಸಹಿಯಾಯಿತು. 2000ದ ಮಾರ್ಚ್‌ನಿಂದ ಜಾರಿಗೆ ಬಂತು. ಆ ಹೆಸರಿನಲ್ಲಿ ವಿಯೆಟ್ನಾಮಿನ ಮೆಣಸು, ಇಂಡೋನೇಷ್ಯಾದ ಅಡಿಕೆ ಕೊಲಂಬೊ ಹಡಗು ಹತ್ತಿ ಸುಂಕ ತಪ್ಪಿಸಿ ಬರುತ್ತದೆಂಬ ದೂರು ವರ್ಷಗಟ್ಟಲೆ ಕೇಳಿಬಂತು. ಕಾಫಿಯ ನೆರಳಲ್ಲಿ ಮೆಣಸು ಬೆಳೆಯುವವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಒಪ್ಪಂದದಲ್ಲಿ ತಪ್ಪಿರಲಿಲ್ಲ, ಸರಕು ಯಾವ ನೆಲದ್ದೆಂದು ಹೇಳುವ ಮೂಲದ ಪತ್ರದಲ್ಲಿ ಮೋಸವಿತ್ತು. 2020ರ ಸೆಪ್ಟೆಂಬರ್ 21ರಿಂದ ಆಮದುದಾರನೇ ಮೂಲದ ವಿವರವನ್ನು ಇಟ್ಟುಕೊಂಡು, ಕೇಳಿದಾಗ ತೋರಿಸಬೇಕೆಂಬ ನಿಯಮ ಬಂದಿದೆ. ಜೈಗಾಂವ್‌ನಲ್ಲಿಯೂ ನಮಗೆ ಬೇಕಾದದ್ದು ಈ ತಪಾಸಣೆಯೇ. ಸಂಘದಿಂದ ಮನವಿ ಕಳುಹಿಸುವಾಗ "ಭೂತಾನಿನ ಅಡಿಕೆ ಬೇಡ" ಎಂದು ಬರೆಯುವುದಕ್ಕಿಂತ "17,000 ಟನ್ನಿನ ಮಿತಿ ಮೀರದಿರಲಿ, ಹಸಿಯ ಹೆಸರಲ್ಲಿ ಒಣಗಿದ್ದು ಬಾರದಿರಲಿ" ಎಂದು ಬರೆದರೆ ಓದುವ ಅಧಿಕಾರಿಗೆ ಉತ್ತರ ಕೊಡದೆ ವಿಧಿಯಿಲ್ಲ.

ಮತ್ತೆ ಯಾವುದಾದರೂ ನೆರೆದೇಶದವರ ಭೇಟಿಯ ಸುದ್ದಿ ಬಂದಾಗ ಸದಸ್ಯರು ಚೇಣಿಯವರ ಕೈಗೆ ಮುಂಗಡದ ಚೀಟಿ ಕೊಡುವ ಮೊದಲು ಸಂಘದ ಕಚೇರಿಗೆ ಬಂದು ಪ್ರಕಟಣೆಯ ಪ್ರತಿಯನ್ನು ಕೇಳಲಿ. ತಾರೀಖು, ತೂಕ, ಹಸಿಯೋ ಒಣಗಿದ್ದೋ, ಯಾವ ಕಟ್ಟೆಯ ಮೂಲಕ ಎಂಬ ನಾಲ್ಕನ್ನು ನೋಡಿಕೊಂಡರೆ ಸಾಕು. ನಮ್ಮ ನೆರೆಯವರು ಆಮೇಲಿನ ವರ್ಷ ಚೇಣಿ ಕೊಡಲಿಲ್ಲ, ಮನೆಯಲ್ಲೇ ಬೇಯಿಸಿದರು.