ಬಾವಿ ನೀರಿನ ಪರೀಕ್ಷೆಯಲ್ಲಿ ನಿಂಬೆಯ ಹುಳಿ

ಬಾವಿಯ ನೀರು ತಿಳಿಯಾಗಿದ್ದ ಮಾತ್ರಕ್ಕೆ ಕುಡಿಯಲು ಯೋಗ್ಯವೆನ್ನುವಂತಿಲ್ಲ. ವಿಷಮಶೀತ ಜ್ವರ (ಟೈಫಾಯಿಡ್) ಹಾಗೂ ಅದನ್ನೇ ಹೋಲುವ ಪ್ಯಾರಾಟೈಫಾಯಿಡ್ ಜ್ವರದ ರೋಗಾಣುಗಳು ರೋಗಿಯ ಮಲದಿಂದ ನೀರನ್ನು ಸೇರುತ್ತವೆ. ಮಣ್ಣಿನಲ್ಲಿ ಸಹಜವಾಗಿರುವ ಜೀವಾಣುಗಳೂ ಅದೇ ನೀರಿನಲ್ಲಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಇವುಗಳಲ್ಲಿ ಹಲವು ಒಂದೇ ತೆರನಾದ ಸಣ್ಣ ಕಡ್ಡಿಗಳಂತೆ ಕಾಣುತ್ತವೆ. ಇವನ್ನು ಗುರುತಿಸುವುದು ಹೇಗೆ?

ಪರೀಕ್ಷೆಯ ತತ್ವ

ಜೀವಾಣುಗಳನ್ನು ಅವು ತಿನ್ನುವ ಆಹಾರದಿಂದ ಗುರುತಿಸಬಹುದು. ನಿಂಬೆಯ ಹುಳಿಗೆ ಕಾರಣವಾದ ಸಿಟ್ರಿಕ್ ಆಮ್ಲದ ಲವಣವೇ ಸಿಟ್ರೇಟ್. ಇದೊಂದನ್ನೇ ಇಂಗಾಲದ ಆಹಾರವಾಗಿ ಕೊಟ್ಟರೆ ಕರುಳಿನ ಈ. ಕೊಲೈ ಜೀವಾಣು ಬೆಳೆಯದು, ಮಣ್ಣಿನಲ್ಲಿ ವಾಸಿಸುವ ಅದರ ಹತ್ತಿರದ ಬಳಗದವು ಬೆಳೆಯುತ್ತವೆ ಎಂದು 1923ರಲ್ಲಿ ಅಮೆರಿಕದ ವಿಜ್ಞಾನಿ ಕೋಸರ್ ತೋರಿಸಿದರು. 1926ರಲ್ಲಿ ಸಿಮನ್ಸ್ ಎಂಬುವರು ಇದಕ್ಕೆ ಅಗರ್ ಹಾಗೂ ಬ್ರೋಮ್‌ಥೈಮಾಲ್ ಬ್ಲೂ ಎಂಬ ಬಣ್ಣವನ್ನು ಸೇರಿಸಿದರು. ಜೀವಾಣು ಸಿಟ್ರೇಟನ್ನು ಬಳಸಿಕೊಂಡಾಗ ಕ್ಷಾರ ಉಂಟಾಗಿ, ಹಸಿರಾಗಿದ್ದ ಅಗರ್ ನೀಲಿಗೆ ತಿರುಗುತ್ತದೆ.

ಒಂದೇ ಪರೀಕ್ಷೆ ಸಾಲದು

ಟೈಫಾಯಿಡ್ ಹಾಗೂ ಪ್ಯಾರಾಟೈಫಾಯಿಡ್ ‘ಎ’ ರೋಗಾಣುಗಳು ಸಾಮಾನ್ಯವಾಗಿ ಅಗರನ್ನು ಹಸಿರಾಗಿಯೇ ಉಳಿಸುತ್ತವೆ. ಪ್ಯಾರಾಟೈಫಾಯಿಡ್ ‘ಬಿ’ ನೀಲಿಯಾಗಿಸುತ್ತದೆ. ಆದುದರಿಂದ ನೀಲಿ ಬಂದರೆ ನಿರಪಾಯ, ಹಸಿರಾದರೆ ಅಪಾಯ ಎಂದು ತಿಳಿಯಬಾರದು. ಪ್ರಯೋಗಶಾಲೆಯಲ್ಲಿ ಇತರ ಪರೀಕ್ಷೆಗಳನ್ನೂ ಮಾಡಿಯೇ ರೋಗಾಣುವನ್ನು ನಿರ್ಧರಿಸುತ್ತಾರೆ. ಹಾಗೆಯೇ, ನೀರಿಗೆ ನಿಂಬೆರಸ ಹಿಂಡಿದರೆ ಅದು ಶುದ್ಧವಾಗುವುದೆಂಬ ನಂಬಿಕೆಯೂ ಸಲ್ಲದು.

ರೈತರು ಗಮನಿಸಬೇಕಾದ ಅಂಶಗಳು

1. ಶೌಚದ ಗುಂಡಿ, ತಿಪ್ಪೆ ಮತ್ತು ಕೊಟ್ಟಿಗೆಯ ಬಚ್ಚಲು ಬಾವಿಯಿಂದ ಕನಿಷ್ಠ 15 ಮೀಟರು ದೂರದಲ್ಲಿರಲಿ.

2. ಬಾವಿಗೆ ಕಟ್ಟೆ ಕಟ್ಟಿಸಿ, ಮಳೆಯ ನೀರು ಒಳಗೆ ಹರಿಯದಂತೆ ನೋಡಿಕೊಳ್ಳಿರಿ.

3. ಪ್ರತಿ 1000 ಲೀಟರು ತಿಳಿನೀರಿಗೆ ಸುಮಾರು 2.5 ಗ್ರಾಂ ಉತ್ತಮ ಬ್ಲೀಚಿಂಗ್ ಪುಡಿ ಬೇಕಾಗುತ್ತದೆ. ಅದನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬೆರೆಸಿರಿ. ಒಂದು ಗಂಟೆ ಕಳೆದ ನಂತರ ನೀರು ಸೇದಬಹುದು. ನೀರು ಕದಡಿದ್ದರೆ ಪುಡಿ ಹೆಚ್ಚು ಬೇಕಾಗುವುದರಿಂದ ಆರೋಗ್ಯ ಕಾರ್ಯಕರ್ತರ ಸಲಹೆ ಪಡೆಯಿರಿ.

4. ಸಂಶಯವಿದ್ದಲ್ಲಿ ನೀರನ್ನು ಕುದಿಸಿ, ಆರಿಸಿ ಕುಡಿಯಿರಿ.

5. ಮನೆಯಲ್ಲಿ ಯಾರಿಗಾದರೂ ಜ್ವರ ಕೆಲವು ದಿನ ಬಿಡದೆ ಕಾಡಿದರೆ ತಡಮಾಡದೆ ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಿರಿ. ರೋಗಿಯ ಮಲವು ಹೊಲ, ಹಳ್ಳ, ಬಾವಿಗಳ ನೀರನ್ನು ಸೇರದಂತೆ ಎಚ್ಚರ ವಹಿಸಿರಿ. ಜ್ವರ ವಾಸಿಯಾದ ಬಳಿಕವೂ ಕೆಲವರ ಮಲದಲ್ಲಿ ರೋಗಾಣುಗಳು ಬಹುಕಾಲ ಉಳಿಯುತ್ತವೆಯಾದ್ದರಿಂದ ಈ ಎಚ್ಚರಿಕೆ ಆಮೇಲೂ ಮುಂದುವರಿಯಬೇಕು.